ಒಂಬತ್ತು ಪದಕ, ಒಂದೂ ಚಿನ್ನ ಇಲ್ಲ: ಮರ್ಲೀನ್ ಒಟ್ಟಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ರಿಲೇ ಓಟದ ಬಗ್ಗೆ ಬರೆಯುವಾಗ ಮಧ್ಯದಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಐವತ್ತು ವರ್ಷ ತುಂಬಿದ ಮಹಿಳೆಯೊಬ್ಬರು ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಬ್ಯಾಟನ್ ಹಿಡಿದು ಓಡಿದ್ದರು ಅಂತ. ಹೆಸರು ಬರೆಯೋದು ಮರೆತಿತ್ತು. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಆಕೆ ವೇಗದ ಓಟಗಾರ್ತಿ ಮರ್ಲೀನ್ ಒಟ್ಟಿ. ಹುಟ್ಟಿದ್ದು ಜಮೈಕಾದಲ್ಲಿ, 1960ರ ಮೇ 10ರಂದು. ಈ ಸಲ ಪೂರ್ತಿ ಅಂಕಣ ಅವರದೇ.

ಪ್ರ: ಒಂಬತ್ತು ಒಲಿಂಪಿಕ್ ಪದಕ ಗೆದ್ದೂ ಒಂದೂ ಚಿನ್ನ ಇಲ್ಲವಂತೆ. ನಿಜಾನಾ? ಸ್ವಲ್ಪ ಲೆಕ್ಕ ಬಿಡಿಸಿ ಹೇಳಿ.

ನಿಜ. 3 ಬೆಳ್ಳಿ, 6 ಕಂಚು.

1980ರ ಮಾಸ್ಕೋದಲ್ಲಿ 200 ಮೀಟರ್ ಕಂಚಿನಿಂದ ಶುರು. ಆಗ ವಯಸ್ಸು 20. ಇಂಗ್ಲಿಷ್ ಮಾತಾಡುವ ಕೆರಿಬಿಯನ್ ದ್ವೀಪಗಳ ಹೆಣ್ಣುಮಗಳೊಬ್ಬಳಿಗೆ ಒಲಿಂಪಿಕ್ ಪದಕ ಬಂದಿದ್ದು ಅದೇ ಮೊದಲು. ಆ ಓಟದಲ್ಲಿ ಬೆಳ್ಳಿ ಗೆದ್ದವರ ಸಮಯ 22.19, ಇವರದು 22.20. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಇಪ್ಪತ್ತು ವರ್ಷವೂ ಹೀಗೇ ಕೂದಲೆಳೆಯ ಲೆಕ್ಕ.

1984ರ ಲಾಸ್ ಏಂಜಲೀಸ್‌ನಲ್ಲಿ 100 ಮತ್ತು 200 ಎರಡರಲ್ಲೂ ಕಂಚು. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಕೂಟ ಅದೇ, ಹಾಗಾಗಿ ನಮಗೆ ಆ ವರ್ಷ ಬೇರೆ ಯಾರೂ ನೆನಪಿಲ್ಲ! 1988ರಲ್ಲಿ ಪದಕ ಇಲ್ಲ, 200ರಲ್ಲಿ ನಾಲ್ಕನೇ ಸ್ಥಾನ. 1992ರಲ್ಲಿ ಮತ್ತೆ 200ರ ಕಂಚು. 1996ರ ಅಟ್ಲಾಂಟಾದಲ್ಲಿ 100ರಲ್ಲಿ ಬೆಳ್ಳಿ, 200ರಲ್ಲಿ ಬೆಳ್ಳಿ, 4x100 ರಿಲೇಯಲ್ಲಿ ಕಂಚು. 2000ದ ಸಿಡ್ನಿಯಲ್ಲಿ ರಿಲೇ ಬೆಳ್ಳಿ. ಇಲ್ಲಿಗೆ ಎಂಟಾಯಿತು. ಒಂಬತ್ತನೆಯದು ಸಿಡ್ನಿಯ 100 ಮೀಟರ್ ಕಂಚು, ಅದು ಕೈಗೆ ಬಂದ ಕಥೆ ಕೆಳಗೆ ಇದೆ.

ವಿಶ್ವ ಚಾಂಪಿಯನ್‌ಷಿಪ್ ಸೇರಿಸಿಲ್ಲ. ಅಲ್ಲಿ 14 ಪದಕ: 3 ಚಿನ್ನ, 4 ಬೆಳ್ಳಿ, 7 ಕಂಚು. ಹಾಗಾಗಿ 'ಪಾಪ, ಚಿನ್ನ ಇಲ್ಲದವಳು' ಅಂತ ಯಾರಾದರೂ ಬರೆದರೆ ನಂಬಬೇಡಿ. ಒಲಿಂಪಿಕ್ ಚಿನ್ನ ಇಲ್ಲ, ಅಷ್ಟೇ.

ಪ್ರ: ಅಟ್ಲಾಂಟಾದ 100 ಮೀಟರ್‌ನಲ್ಲಿ ಒಟ್ಟಿ, ಚಿನ್ನ ಗೆದ್ದ ಗೇಲ್ ಡೆವರ್ಸ್ ಇಬ್ಬರದೂ 10.94 ಸೆಕೆಂಡ್. ಸಮಯ ಒಂದೇ ಆದರೆ ಚಿನ್ನ ಇಬ್ಬರಿಗೂ ಕೊಡಬೇಕಿತ್ತು ಅಲ್ವಾ? ಇದು ಮೋಸ ಅನ್ಸಲ್ವಾ ನಿಮಗೆ?

ಮೋಸ ಅಲ್ಲ. ಹೊಟ್ಟೆ ಉರಿಯೋದು ಮಾತ್ರ ನಿಜ.

ಗೆರೆಯ ಹತ್ತಿರ ಇರುವ ಕ್ಯಾಮೆರಾ ಪೂರ್ತಿ ಟ್ರ್ಯಾಕ್ ನೋಡುವುದಿಲ್ಲ. ಅದು ನೋಡೋದು ಗೆರೆಯನ್ನು ಮಾತ್ರ, ಕೂದಲಿನಷ್ಟು ತೆಳುವಾದ ಪಟ್ಟಿ. ಆ ಪಟ್ಟಿಯನ್ನು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಸಲ ತೆಗೆದು ಒಂದರ ಪಕ್ಕ ಒಂದು ಜೋಡಿಸುತ್ತಾರೆ. ಅದಕ್ಕೇ ಫೋಟೊ ಫಿನಿಷ್ ಚಿತ್ರದಲ್ಲಿ ಓಟಗಾರರ ಕಾಲುಗಳು ವಿಚಿತ್ರವಾಗಿ ಎಳೆದ ಹಾಗೆ, ಶೂ ದೋಣಿಯಷ್ಟು ಉದ್ದ ಕಾಣುತ್ತವೆ. ಅದರ ಮೇಲೆ ತೀರ್ಪುಗಾರರು ಒಂದು ಲಂಬ ಗೆರೆಯನ್ನು ಸರಿಸುತ್ತಾ ಹೋಗಿ ಎದೆ-ಹೊಟ್ಟೆ ಭಾಗ ಎಲ್ಲಿ ತಾಗುತ್ತದೆ ನೋಡುತ್ತಾರೆ. ತಲೆ ಮುಂದೆ ಬಂದರೆ ಲೆಕ್ಕಕ್ಕಿಲ್ಲ, ಕೈ ಚಾಚಿದರೂ ಇಲ್ಲ, ಕಾಲೂ ಇಲ್ಲ. ಸಮಯವನ್ನು ಸಾವಿರದ ಭಾಗದವರೆಗೆ ಓದಿ, ಆಮೇಲೆ ಮೇಲಿನ ನೂರನೇ ಭಾಗಕ್ಕೆ ಏರಿಸಿ ಪ್ರಕಟಿಸುತ್ತಾರೆ. ಹಾಗಾಗಿ ಬೋರ್ಡ್ ಮೇಲೆ ಇಬ್ಬರದೂ 10.94 ಅಂತ ಬಂದರೂ ಒಳಗಿನ ಅಂಕಿ ಬೇರೆ ಇರಬಹುದು. ಅಟ್ಲಾಂಟಾದಲ್ಲಿ ಅಮೆರಿಕದ ಗೇಲ್ ಡೆವರ್ಸ್ ಮುಂದೆ ಅಂತ ತೀರ್ಪು ಬಂತು. ಮೂರನೆಯವರಾದ ಗ್ವೆನ್ ಟೊರೆನ್ಸ್ ಕೂಡ 10.96!

ಆದರೆ ನಿಜವಾಗಿ ಸಂಕಟ ಆಗೋದು ಇದು ಎರಡನೇ ಸಲ ಅಂತ ಗೊತ್ತಾದಾಗ. ಮೂರು ವರ್ಷ ಮುಂಚೆ, 1993ರ ಸ್ಟಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲೂ ಇದೇ ಡೆವರ್ಸ್, ಇದೇ ಒಟ್ಟಿ, ಇಬ್ಬರದೂ 10.82. ಒಳಗಿನ ಅಂಕಿ 10.811 ಮತ್ತು 10.812. ಆ ವೇಗದಲ್ಲಿ ಸಾವಿರದ ಒಂದು ಭಾಗ ಅಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಕಿರುಬೆರಳ ಅಗಲ ಇಟ್ಟುಕೊಂಡು ನೋಡಿ. ನೂರು ಮೀಟರ್ ಓಡಿ ಬಂದು ಅಷ್ಟಕ್ಕೆ ಬೆಳ್ಳಿ.

ಪ್ರ: ದೊಡ್ಡ ಓಟದಲ್ಲಿ ಧೈರ್ಯ ಸಾಲದೆ ಸೋಲುತ್ತಿದ್ದರು ಅಂತ ನನ್ನ ವಾದ. ಇಲ್ಲದಿದ್ದರೆ ಇಷ್ಟು ಸಲ ಕಂಚು ಬರೋದು ಹೇಗೆ? ಅದೃಷ್ಟದ ಮಾತು ಬೇಡ, ನೇರವಾಗಿ ಉತ್ತರಿಸಿ.

ನೇರವಾಗಿಯೇ ಹೇಳ್ತೀನಿ, ನಿಮ್ಮ ವಾದ ನಾನು ಒಪ್ಪಲ್ಲ.

1992ರ ಬಾರ್ಸಿಲೋನಾದ 100 ಮೀಟರ್ ಫೈನಲ್ ತಗೊಳ್ಳಿ. 10.82, 10.83, 10.84, 10.86, 10.88. ಐದನೆಯದು ಒಟ್ಟಿ ಅವರದು. ಮೊದಲನೆಯವರಿಗೂ ಐದನೆಯವರಿಗೂ ನಡುವೆ ಸೆಕೆಂಡಿನ ನೂರನೇ ಆರು ಭಾಗ. ಇದನ್ನು ಧೈರ್ಯದ ಕೊರತೆ ಅಂತ ಯಾವ ಬಾಯಲ್ಲಿ ಹೇಳೋದು? ಆ ದಿನ ಐದು ಜನ ಒಂದೇ ಗುಂಪಾಗಿ ಬಂದರು, ಅವರಲ್ಲಿ ಯಾರು ಬೇಕಾದರೂ ಗೆಲ್ಲಬಹುದಿತ್ತು.

ಮತ್ತೆ, ಅದೃಷ್ಟ ಯಾವಾಗಲೂ ಕೈಕೊಟ್ಟಿತು ಅನ್ನೋದೂ ಸುಳ್ಳು. 1995ರ ಗೊಟೆನ್‌ಬರ್ಗ್ ವಿಶ್ವ ಚಾಂಪಿಯನ್‌ಷಿಪ್‌ನ 200 ಮೀಟರ್‌ನಲ್ಲಿ ಮೊದಲು ಗೆರೆ ದಾಟಿದ್ದು ಗ್ವೆನ್ ಟೊರೆನ್ಸ್, 21.77ರಲ್ಲಿ, ಬಹಳ ಮುಂದೆ. ಆದರೆ ತಿರುವಿನಲ್ಲಿ ತನ್ನ ಲೇನಿನ ಒಳಗೆರೆ ತುಳಿದಿದ್ದಾರೆ ಅಂತ ಅನರ್ಹಗೊಳಿಸಿದರು. ಚಿನ್ನ 22.12ರಲ್ಲಿ ಬಂದ ಒಟ್ಟಿ ಅವರಿಗೆ ಹೋಯಿತು. ಎರಡನೆಯವರಾದ ರಷ್ಯಾದ ಇರಿನಾ ಪ್ರಿವಲೋವಾ ಅವರ ಸಮಯವೂ 22.12! ಈ ಸಲ ಫೋಟೊ ಒಟ್ಟಿ ಪರ ಇತ್ತು. ಆಗ ವಯಸ್ಸು 35. ಅಟ್ಲಾಂಟಾದ ಕಥೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳಲ್ಲ. ಯಾಕಂದ್ರೆ 'ದುರದೃಷ್ಟದ ರಾಣಿ' ಅನ್ನೋ ಹೆಸರಿಗೆ ಇದು ಹೊಂದಲ್ಲ.

ಒಟ್ಟಿ ಕಾಲದಲ್ಲಿ ಇವೆಲಿನ್ ಆಷ್‌ಫರ್ಡ್, ಫ್ಲಾರೆನ್ಸ್ ಗ್ರಿಫಿತ್, ಕಾಟ್ರಿನ್ ಕ್ರಾಬೆ, ಡೆವರ್ಸ್, ಟೊರೆನ್ಸ್, ಪೆರೆಕ್, ಕೊನೆಗೆ ಮೇರಿಯನ್ ಜೋನ್ಸ್ ಬಂದರು. ಕೆಲವರು ಎರಡು ಮೂರು ಒಳ್ಳೆಯ ವರ್ಷ ಓಡಿ ಹೋದರು. ಅವರಲ್ಲಿ ಪ್ರತಿಯೊಬ್ಬರ ಅತ್ಯುತ್ತಮ ವರ್ಷದಲ್ಲೂ ಪಕ್ಕದ ಲೇನಿನಲ್ಲಿ ಇದ್ದದ್ದು ಒಟ್ಟಿ. ಕಂಚು ಜಾಸ್ತಿ ಆಗಿದ್ದು ಹಾಗೆ. ಒಬ್ಬರ ಹತ್ತಿರ ಸೋತು, ಅವರು ನಿವೃತ್ತಿ ಆದ ಮೇಲೂ ಓಡುತ್ತಾ, ಮುಂದಿನವರ ಹತ್ತಿರ ಸೋತು, ಮಧ್ಯೆ ಮಧ್ಯೆ ಅವರನ್ನೆಲ್ಲ ಸೋಲಿಸಿ. ಸ್ಟಟ್‌ಗಾರ್ಟ್‌ನಲ್ಲಿ ಆ ಕಿರುಬೆರಳಿನ ಸೋಲಾದ ಕೆಲವೇ ದಿನಕ್ಕೆ 200 ಮೀಟರ್‌ನಲ್ಲಿ 21.98 ಓಡಿ ಟೊರೆನ್ಸ್ ಅವರನ್ನು ನೂರನೇ ಎರಡು ಭಾಗದಲ್ಲಿ ಹಿಂದೆ ಹಾಕಿದರು. ಧೈರ್ಯ ಇಲ್ಲದವರು ಮಾಡೋ ಕೆಲಸವಾ ಇದು?

ಒಂದು ತಪ್ಪು ಮಾತ್ರ ಅವರದೇ ಲೆಕ್ಕಕ್ಕೆ ಬರೆಯಬೇಕು. 1997ರ ಅಥೆನ್ಸ್ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್. ಫಾಲ್ಸ್ ಸ್ಟಾರ್ಟ್ ಆಯಿತು, ಅಂದರೆ ಗುಂಡಿಗೂ ಮುಂಚೆ ಯಾರೋ ಹೊರಟರು, ವಾಪಸ್ ಕರೆಯುವ ಗುಂಡು ಹಾರಿತು. ಎಲ್ಲರೂ ನಿಂತರು. ಒಟ್ಟಿ ಅವರಿಗೆ ಕೇಳಿಸಲೇ ಇಲ್ಲ, ಒಬ್ಬರೇ ಪೂರಾ ವೇಗದಲ್ಲಿ ಓಡಿಕೊಂಡು ಹೋದರು. ಆಮೇಲೆ ನಡೆದುಕೊಂಡು ವಾಪಸ್ ಬಂದು ಮತ್ತೆ ಬ್ಲಾಕ್‌ನಲ್ಲಿ (ಓಟ ಶುರು ಮಾಡುವಾಗ ಕಾಲು ಒತ್ತುವ ಆಸರೆ) ಕೂರಬೇಕು. 37ರ ಕಾಲಿನಲ್ಲಿ ಎಷ್ಟು ಉಳಿದಿರುತ್ತೆ? ಏಳನೇ ಸ್ಥಾನ. ಅದೇ ಕೂಟದ 200ರಲ್ಲಿ ಮಾತ್ರ ಕಂಚು ಬಿಡಲಿಲ್ಲ.

ಪ್ರ: ಅಮೆರಿಕದ ಆಲಿಸನ್ ಫೀಲಿಕ್ಸ್ 11 ಪದಕ, 7 ಚಿನ್ನ. ಒಟ್ಟಿಗಿಂತ ಅಷ್ಟೊಂದು ಮೇಲಾ?

ಈ ಪ್ರಶ್ನೆಗೆ ಉತ್ತರ ರಿಲೇಯಲ್ಲಿದೆ. ಫೀಲಿಕ್ಸ್ ಅವರ ಏಳು ಒಲಿಂಪಿಕ್ ಚಿನ್ನದಲ್ಲಿ ಆರು ರಿಲೇಯದು. ಒಬ್ಬರೇ ಓಡಿ ಗೆದ್ದ ಚಿನ್ನ ಒಂದೇ, 2012ರ ಲಂಡನ್ 200 ಮೀಟರ್. ಅವರನ್ನು ಸಣ್ಣ ಮಾಡೋಕೆ ಹೇಳ್ತಿಲ್ಲ, ಫೀಲಿಕ್ಸ್ ದೊಡ್ಡ ಓಟಗಾರ್ತಿ. ಆದರೆ ರಿಲೇ ಚಿನ್ನಕ್ಕೆ ನಾಲ್ಕು ಜನ ಬೇಕು, ಹೀಟ್ಸ್ (ಫೈನಲ್‌ಗೂ ಮುಂಚಿನ ಸುತ್ತು) ಓಡೋಕೆ ಇನ್ನಿಬ್ಬರು ಬೇಕು. ಅಮೆರಿಕಕ್ಕೆ ಅದು ಕಷ್ಟ ಅಲ್ಲ. ಇಂದು ಜಮೈಕಾ ಅಂದರೆ ವೇಗ ಅನ್ನೋ ಹಾಗೆ ಆಗಿದೆ, ನಿಜ. ಆದರೆ ಒಟ್ಟಿ ಶುರು ಮಾಡಿದಾಗ ಹಾಗಿರಲಿಲ್ಲ.

ಆದರೂ 1991ರ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಒಟ್ಟಿ 100ರಲ್ಲೂ 200ರಲ್ಲೂ ಗೆಲ್ಲುತ್ತಾರೆ ಅಂತ ಎಲ್ಲರೂ ಬರೆದಿದ್ದರು. ಎರಡರಲ್ಲೂ ಕಂಚು. ಆಮೇಲೆ ರಿಲೇ. ಡಾಲಿಯಾ ಡುಹೇನಿ, ಜೂಲಿಯೆಟ್ ಕತ್‌ಬರ್ಟ್, ಬೆವರ್ಲಿ ಮೆಕ್‌ಡೊನಾಲ್ಡ್, ಕೊನೆಗೆ ಒಟ್ಟಿ. 41.94 ಸೆಕೆಂಡ್, ಚಿನ್ನ. ಸೋವಿಯತ್ ಒಕ್ಕೂಟ, ಜರ್ಮನಿ ಹಿಂದೆ. ಹೊರಾಂಗಣ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆಯ ಮೊದಲ ಚಿನ್ನ ಒಬ್ಬರೇ ಗೆದ್ದದ್ದಲ್ಲ, ನಾಲ್ಕು ಜನ ಸೇರಿ ಗೆದ್ದದ್ದು. ಇದು ನನಗೆ ಯಾವಾಗಲೂ ಇಷ್ಟ.

ರಿಲೇ ಕೈಕೊಟ್ಟದ್ದೂ ಉಂಟು. ಮುಂದಿನ ವರ್ಷವೇ ಬಾರ್ಸಿಲೋನಾ ಫೈನಲ್‌ನಲ್ಲಿ ಜಮೈಕಾ ಓಟ ಮುಗಿಸಲೇ ಇಲ್ಲ.

ಪ್ರ: ಸಿಡ್ನಿಯಲ್ಲಿ ಆಕೆಯ ವಿರುದ್ಧ ಸ್ವಂತ ತಂಡದವರೇ ತಿರುಗಿಬಿದ್ದರಂತಲ್ಲ? ನಡೆದಿದ್ದೇನು?

ಜಮೈಕಾದಲ್ಲಿ ಟ್ರಯಲ್ಸ್ (ತಂಡ ಆರಿಸುವ ಓಟ) ಅಂದರೆ ಟ್ರಯಲ್ಸ್. ಮೊದಲ ಮೂವರು ಹೋಗುತ್ತಾರೆ, ಅಷ್ಟೇ. 2000ದ ಟ್ರಯಲ್ಸ್‌ನಲ್ಲಿ 100 ಮೀಟರ್ ಗೆದ್ದವರು ಪೀಟಾ-ಗೇ ಡೌಡಿ. ಒಟ್ಟಿ ನಾಲ್ಕನೆಯವರು. ಆದರೆ ಸಿಡ್ನಿಯಲ್ಲಿ ಡೌಡಿಯನ್ನು ಕೈಬಿಟ್ಟು ಒಟ್ಟಿಯನ್ನು ಓಡಿಸಿದರು. ಕ್ರೀಡಾಗ್ರಾಮದಲ್ಲೇ ಜಮೈಕಾದ ಕೆಲವು ಕ್ರೀಡಾಪಟುಗಳು ಪ್ರತಿಭಟನೆ ಮಾಡಿದರು.

ಇಲ್ಲಿ ನಾನು ಒಟ್ಟಿ ಅಭಿಮಾನಿ ಅನ್ನೋದನ್ನು ಪಕ್ಕಕ್ಕಿಟ್ಟು ಹೇಳ್ತೀನಿ: ಆ ಹುಡುಗರ ಸಿಟ್ಟಿನಲ್ಲಿ ನ್ಯಾಯ ಇತ್ತು. ಓಡಿ ಗೆದ್ದವಳನ್ನು ಕೂರಿಸಿ, ದೊಡ್ಡ ಹೆಸರು ಅಂತ ಇನ್ನೊಬ್ಬರನ್ನು ಇಳಿಸಿದರೆ ಯಾರಿಗೆ ಬೇಜಾರಾಗಲ್ಲ? ಇನ್ನೊಂದು ಕಡೆ, ಫಲಿತಾಂಶವೂ ಕಣ್ಣ ಮುಂದೆ ಇದೆ. 40ರ ವಯಸ್ಸಿನಲ್ಲಿ ಒಟ್ಟಿ 11.19 ಓಡಿ ನಾಲ್ಕನೇ ಸ್ಥಾನಕ್ಕೆ ಬಂದರು. ಮೂರನೆಯವರಾದ ಅದೇ ತಂಡದ ಟೇನಾ ಲಾರೆನ್ಸ್ 11.18. ಮತ್ತೆ ಅದೇ ನೂರನೇ ಒಂದು ಭಾಗ! ಆಮೇಲೆ ರಿಲೇಯಲ್ಲಿ ಕೊನೆಯ ಲೆಗ್ (ಕೊನೆಯ ಸರದಿ) ಓಡಿ ಬೆಳ್ಳಿ ತಂದರು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸಲ್ಲ.

ಒಂಬತ್ತನೇ ಪದಕ ಬಂದದ್ದು ಆ ನಾಲ್ಕನೇ ಸ್ಥಾನದಿಂದ. ಆ ಓಟ ಗೆದ್ದಿದ್ದ ಮೇರಿಯನ್ ಜೋನ್ಸ್ 2007ರಲ್ಲಿ ನಿಷೇಧಿತ ಮದ್ದು ತಗೊಂಡಿದ್ದೆ ಅಂತ ಒಪ್ಪಿಕೊಂಡರು, ಪದಕಗಳು ಹೋದವು. 2009ರ ಡಿಸೆಂಬರ್‌ನಲ್ಲಿ ಒಲಿಂಪಿಕ್ ಸಮಿತಿ ಹಂಚಿಕೆ ತೀರ್ಮಾನ ಮಾಡಿತು. ಎರಡನೆಯವರಾಗಿದ್ದ ಗ್ರೀಸ್‌ನ ಕತೆರಿನಾ ಥಾನೂ ಅವರೂ ಅಷ್ಟರೊಳಗೆ ಡೋಪಿಂಗ್ ವಿವಾದದಲ್ಲಿ ಸಿಕ್ಕಿದ್ದರಿಂದ ಚಿನ್ನವನ್ನು ಯಾರಿಗೂ ಕೊಡಲಿಲ್ಲ, ಅವರಿಗೆ ಬೆಳ್ಳಿಯೇ ಉಳಿಯಿತು. ಲಾರೆನ್ಸ್‌ಗೂ ಬೆಳ್ಳಿ, ಒಟ್ಟಿ ಅವರಿಗೆ ಕಂಚು. ಆಗ ಆಕೆಗೆ 49. ಪೋಡಿಯಂ ಇಲ್ಲ, ಜನರ ಕೂಗಿಲ್ಲ.

ಪ್ರ: ಒಟ್ಟಿ ಮೇಲೂ ಡೋಪಿಂಗ್ ಆರೋಪ ಇತ್ತು. ಅದನ್ನು ಮುಚ್ಚಿಡಬೇಡಿ.

ಮುಚ್ಚಿಡಲ್ಲ. 1999ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕೂಟದಲ್ಲಿ ತೆಗೆದ ಮಾದರಿಯಲ್ಲಿ ನ್ಯಾಂಡ್ರೊಲೋನ್ ಅನ್ನೋ ನಿಷೇಧಿತ ಮದ್ದು ಸಿಕ್ಕಿತು ಅಂತ ವರದಿ ಬಂತು. ಆ ವರ್ಷದ ಸೆವಿಲ್ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ನಾನು ತಗೊಂಡಿಲ್ಲ ಅಂತ ಹೋರಾಡಿದರು, ಜಮೈಕಾ ಸಂಸ್ಥೆ ಆರೋಪಮುಕ್ತ ಮಾಡಿತು, 2000ದಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯೂ ಆಕೆಯ ಪರವೇ ತೀರ್ಪು ಕೊಟ್ಟಿತು. ದಾಖಲೆಯಲ್ಲಿ ಇರುವುದು ಇಷ್ಟು. ಇದಕ್ಕಿಂತ ಮುಂದೆ ಊಹೆ ಮಾಡಿ ಬರೆಯೋ ಅಭ್ಯಾಸ ನನಗಿಲ್ಲ.

ಪ್ರ: ಜಮೈಕಾ ಬಿಟ್ಟು ಸ್ಲೊವೇನಿಯಾಕ್ಕೆ ಯಾಕೆ ಹೋದರು? 50ನೇ ವಯಸ್ಸಿನಲ್ಲಿ ಓಡಿದ್ದು ಬರೀ ಪ್ರಚಾರಕ್ಕೆ ಅಲ್ವಾ?

ಸಿಡ್ನಿಗಿಂತ ಮುಂಚೆಯೇ ಅವರ ತರಬೇತಿ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದಲ್ಲಿ ನಡೀತಿತ್ತು. 2002ರಲ್ಲಿ ಅಲ್ಲಿನ ಪೌರತ್ವ ಸಿಕ್ಕಿತು. 2004ರ ಅಥೆನ್ಸ್‌ನಲ್ಲಿ ಸ್ಲೊವೇನಿಯಾ ಪರ 100 ಮೀಟರ್ ಸೆಮಿಫೈನಲ್ ತಲುಪಿದರು. ವಯಸ್ಸು 44, ಏಳನೇ ಒಲಿಂಪಿಕ್ಸ್.

ಪ್ರಚಾರದ ಮಾತಿಗೆ ಬರೋಣ. 2010ರ ಬಾರ್ಸಿಲೋನಾ ಯುರೋಪಿಯನ್ ಚಾಂಪಿಯನ್‌ಷಿಪ್‌ನ 4x100ರಲ್ಲಿ ಸ್ಲೊವೇನಿಯಾದ ಕೊನೆಯ ಲೆಗ್ ಓಡಿದ್ದು ಒಟ್ಟಿ. ಸ್ಲೊವೇನಿಯಾ ಸುಮಾರು 20 ಲಕ್ಷ ಜನರ ದೇಶ. ಅಲ್ಲಿ ಈ ಮಟ್ಟಕ್ಕೆ ಓಡುವ ನಾಲ್ಕು ಹುಡುಗಿಯರು ಸಿಗೋದೇ ಕಷ್ಟ. ನಾಲ್ಕನೆಯವಳಿಗೆ ಐವತ್ತಾಗಿದ್ದರೆ ಐವತ್ತು! ಉಳಿದ ಮೂವರು ಕಷ್ಟಪಟ್ಟು ಅರ್ಹತೆ ಗಳಿಸಿ ಬಂದವರು, ಸುಮ್ನೆ ಪ್ರಚಾರಕ್ಕೆ ಅಂತ ನಿಧಾನದ ಕಾಲನ್ನು ಅವರು ಸೇರಿಸಿಕೊಳ್ತಾರಾ?

ಇನ್ನೊಂದು ವಿಷಯ. ವಯಸ್ಸಾದ ಹಾಗೆ ಬ್ಲಾಕ್‌ನಿಂದ ಚಿಮ್ಮುವ ಶಕ್ತಿ ಕಡಿಮೆ ಆಗುತ್ತೆ. ರಿಲೇಯ ಎರಡು, ಮೂರು, ನಾಲ್ಕನೆಯವರಿಗೆ ಬ್ಲಾಕೇ ಇಲ್ಲ. ನಿಂತಲ್ಲಿಂದ ಓಡಲು ಶುರು ಮಾಡಿ, ವೇಗ ಹಿಡಿದ ಮೇಲೆ ಬ್ಯಾಟನ್ ಕೈಗೆ ಬರುತ್ತೆ. ಅಲ್ಲಿ ಬೇಕಾಗೋದು ಲೆಕ್ಕ. ಟ್ರ್ಯಾಕ್ ಮೇಲೆ ಹಿಂದೆ ಒಂದು ಟೇಪ್ ಗುರುತು ಅಂಟಿಸಿರುತ್ತಾರೆ. ಬರುತ್ತಿರುವವಳ ಕಾಲು ಆ ಟೇಪ್ ದಾಟಿದ ಕ್ಷಣ ನೀವು ಹೊರಡಬೇಕು, ಆಮೇಲೆ ಹಿಂದೆ ತಿರುಗುವ ಹಾಗಿಲ್ಲ. ಕೂಗು ಕೇಳಿಸಿದಾಗ ಕೈಯನ್ನು ಹಿಂದಕ್ಕೆ ಚಾಚಿ, ಅಲುಗಾಡಿಸದೆ ಹಿಡಿಯಬೇಕು. ಅರ್ಧ ಹೆಜ್ಜೆ ಮುಂಚೆ ಹೊರಟರೆ ಬ್ಯಾಟನ್ ಸಿಗಲ್ಲ, ತಡವಾದರೆ ಹಿಂದಿನವಳು ಬಂದು ಬೆನ್ನಿಗೆ ಗುದ್ದುತ್ತಾಳೆ. ಮೂವತ್ತು ವರ್ಷ ಇದನ್ನೇ ಮಾಡಿದವರ ಕೈ ಹೇಗಿರುತ್ತೆ ಊಹಿಸಿ. 2012ರ ಹೆಲ್ಸಿಂಕಿ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಓಡಿದರು, 52ರಲ್ಲಿ. ಅದೇ ಹೆಲ್ಸಿಂಕಿಯಲ್ಲಿ 1983ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಒಟ್ಟಿ ರಿಲೇಯಲ್ಲಿ ಕಂಚು ಗೆದ್ದಿದ್ದರು.

ಪ್ರ: ಈಗಲೂ ಉಳಿದಿರುವ ದಾಖಲೆ ಏನಾದರೂ ಇದೆಯಾ?

ಇದೆ. ಒಳಾಂಗಣ 200 ಮೀಟರ್, 21.87, ಫ್ರಾನ್ಸಿನ ಲಿಯೆವಾಂ, 1993. ಮುರಿದಿಲ್ಲ. ಒಳಾಂಗಣದ 200 ಅಂದರೆ ಇಡೀ ಒಂದು ಸುತ್ತು, ಎರಡು ಬಿಗಿಯಾದ ತಿರುವು. ಹೊರಗೆ ಆಕೆಯ ಅತ್ಯುತ್ತಮ 21.64, 100ರಲ್ಲಿ 10.74. ಆ 10.74 ಓಡಿದ್ದು 1996ರಲ್ಲಿ, 36ನೇ ವಯಸ್ಸಿನಲ್ಲಿ.

ಪ್ರ: ನನ್ನ ಮಗಳು ಶಾಲಾ ರಿಲೇ ತಂಡದಲ್ಲಿದ್ದಾಳೆ. ಯಾವಾಗಲೂ ಮೂರನೇ ಲೆಗ್‌ಗೇ ಹಾಕುತ್ತಾರೆ. ಕೊನೆಯ ಲೆಗ್ ಓಡುವವರ ಫೋಟೊ ಮಾತ್ರ ಬರುತ್ತೆ ಅಂತ ಅಳುತ್ತಾಳೆ. ಮೇಡಂ ಹತ್ತಿರ ಮಾತಾಡಲಾ?

ಮಾತಾಡಬೇಡಿ ಅಮ್ಮಾ. ಮೂರನೆಯವಳು ಪೂರ್ತಿ ತಿರುವಿನಲ್ಲಿ ಓಡಬೇಕು, ಬ್ಯಾಟನ್ ತಗೋಬೇಕು, ಕೊಡಲೂ ಬೇಕು. ಕೊನೆಯವಳಿಗೆ ಕೊಡುವ ಕೆಲಸ ಇಲ್ಲ, ನೇರ ದಾರಿ ಬೇರೆ. ಮೇಡಂ ನಂಬಿಕೆಯ ಮೇಲೇ ಅಲ್ಲಿ ಹಾಕಿದ್ದಾರೆ.

ಮೇಲೆ ಬಂದ ಬೆವರ್ಲಿ ಮೆಕ್‌ಡೊನಾಲ್ಡ್ ಹೆಸರು ಗಮನಿಸಿದಿರಾ? 1991ರ ಟೋಕಿಯೋ ಚಿನ್ನದ ಓಟದಲ್ಲಿ ಒಟ್ಟಿ ಕೈಗೆ ಬ್ಯಾಟನ್ ಕೊಟ್ಟ ಮೂರನೆಯವರು ಅವರು. ಒಂಬತ್ತು ವರ್ಷ ಆದ ಮೇಲೆ ಸಿಡ್ನಿ ಬೆಳ್ಳಿಯ ಓಟದಲ್ಲಿ ಮೊದಲಿಬ್ಬರು ಹೊಸಬರು, ಟೇನಾ ಲಾರೆನ್ಸ್ ಮತ್ತು ವೆರೋನಿಕಾ ಕ್ಯಾಂಪ್‌ಬೆಲ್. ಮೂರನೇ ಲೆಗ್‌ನಲ್ಲಿ ಮತ್ತೆ ಮೆಕ್‌ಡೊನಾಲ್ಡ್, ಕೊಟ್ಟಿದ್ದು ಮತ್ತೆ ಒಟ್ಟಿ ಕೈಗೆ. ಸಿಡ್ನಿಯ 200ರಲ್ಲಿ ಅವರೂ ನಾಲ್ಕನೆಯವರಾಗಿದ್ದರು. ಜೋನ್ಸ್ ಪದಕ ಹೋದ ಮೇಲೆ ಅವರಿಗೂ ಕಂಚು ಬಂತು. ಮಗಳಿಗೆ ಈ ಹೆಸರು ಹೇಳಿ, ಆಮೇಲೆ ಅವಳು ಟೇಪ್ ಗುರುತು ಸರಿಯಾಗಿ ಅಂಟಿಸಿಕೊಳ್ತಾಳಾ ನೋಡಿ.